ಅಮೆರಿಕದ ರಾಜ್ಯಗಳಿಗೆ ಸ್ವಂತ ರಕ್ಷಣಾ ಪಡೆ ಬೇಕಾ, ಬೇಡವಾ?

ಬಯಲುಸೀಮೆ_ಹ್ಯೂಸ್ಟನ್

ಎಲ್ಲರಿಗೂ ನಮಸ್ಕಾರ. ನಮ್ಮ ಸಂಘದ ಒಬ್ಬ ಹುಡುಗ ಟೆಕ್ಸಾಸ್ ಸ್ಟೇಟ್ ಗಾರ್ಡ್ ಸೇರುವ ಯೋಚನೆಯಲ್ಲಿದ್ದಾನೆ. ಯುಗಾದಿ ಊಟದ ಹೊತ್ತಿಗೆ ಅದರ ಮಾತು ಬಂತು. ಸುಮಾರು ಜನಕ್ಕೆ ಅಂಥದ್ದೊಂದು ಪಡೆ ಇದೆ ಅಂತಲೇ ಗೊತ್ತಿಲ್ಲ. ಗೊತ್ತಿರುವವರೂ ಅದನ್ನು ನ್ಯಾಷನಲ್ ಗಾರ್ಡ್ ಜೊತೆ ಸೇರಿಸಿಬಿಡುತ್ತಾರೆ. ಒಬ್ಬರು "ಇದು ಸೇವೆ, ಸೇರಲಿ ಬಿಡಿ" ಅಂದರು. ಇನ್ನೊಬ್ಬರು "ಒಂದೇ ದೇಶದೊಳಗೆ ರಾಜ್ಯಕ್ಕೊಂದು ಸೈನ್ಯ ಯಾಕೆ?" ಅಂತ ಕೇಳಿದರು. ಆ ಪ್ರಶ್ನೆ ನನ್ನ ತಲೆಯಲ್ಲೇ ಉಳಿದಿದೆ. ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ.

ಗೊತ್ತಿಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ. ನ್ಯಾಷನಲ್ ಗಾರ್ಡ್‌ಗೆ ಇಬ್ಬರು ಯಜಮಾನರು. ಮಾಮೂಲಿ ದಿನಗಳಲ್ಲಿ ಅದು ಗವರ್ನರ್ ಮಾತು ಕೇಳುತ್ತದೆ. ಅಧ್ಯಕ್ಷರು ಕರೆದರೆ ಅವರ ಕೈಗೆ ಹೋಗುತ್ತದೆ. ಇರಾಕ್‌ಗಾದರೂ ಹೋಗಬೇಕು, ಅಫ್ಘಾನಿಸ್ತಾನಕ್ಕಾದರೂ ಹೋಗಬೇಕು. ಅದರ ಲಾರಿ, ಹೆಲಿಕಾಪ್ಟರ್, ಬಂದೂಕಿಗೆ ಬಹುಪಾಲು ದುಡ್ಡು ವಾಷಿಂಗ್ಟನ್‌ನದು. ಸ್ಟೇಟ್ ಗಾರ್ಡ್ ಹಾಗಲ್ಲ. ಅದು ಪೂರ್ತಿ ರಾಜ್ಯದ್ದು. ಖರ್ಚೂ ರಾಜ್ಯದ್ದೇ. ಅಧ್ಯಕ್ಷರು ಅದನ್ನು ತಮ್ಮ ಸೈನ್ಯಕ್ಕೆ ಸೇರಿಸಿಕೊಳ್ಳುವ ಹಾಗಿಲ್ಲ. ಗವರ್ನರ್ ಹೇಳಿದ್ದೇ ಕೊನೆ. ಊರಿನಿಂದ ಓದುವವರಿಗೆ ಒಂದು ಮಾತು: ಇಲ್ಲಿನ ಗವರ್ನರ್ ನಮ್ಮ ರಾಜ್ಯಪಾಲರ ಹಾಗೆ ನೇಮಕವಾದವರಲ್ಲ, ಜನ ವೋಟು ಹಾಕಿ ಆರಿಸಿದವರು.

ಎಲ್ಲ ರಾಜ್ಯಗಳಲ್ಲೂ ಈ ಪಡೆ ಇಲ್ಲ. 2014ರಲ್ಲಿ ರಕ್ಷಣಾ ಇಲಾಖೆಯ ತಪಾಸಣಾ ವಿಭಾಗ ನೋಡಿದಾಗ 22 ರಾಜ್ಯಗಳಲ್ಲಿ ಮತ್ತು ಪೋರ್ಟೊ ರಿಕೋದಲ್ಲಿ ಇತ್ತು. ಎಲ್ಲ ಸೇರಿ ಸುಮಾರು 14,000 ಜನ. ಹೆಚ್ಚಿನವರು ಸ್ವಯಂಸೇವಕರು. ತಿಂಗಳ ಡ್ರಿಲ್‌ಗೆ ಸಾಮಾನ್ಯವಾಗಿ ಸಂಬಳ ಇಲ್ಲ. ರಾಜ್ಯ ಅಧಿಕೃತವಾಗಿ ಕರೆದಾಗ ಮಾತ್ರ ದಿನಭತ್ಯೆ ಸಿಗುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇಂಥ ಪಡೆ ಬೇಕು. 2017ರ ಆಗಸ್ಟ್‌ನಲ್ಲಿ ಹಾರ್ವೆ ಚಂಡಮಾರುತ ಬಂದಾಗ ನಾನು ಒಂದು ಆಶ್ರಯ ಕೇಂದ್ರದಲ್ಲಿ ಊಟ ಬಡಿಸುವ ಕೆಲಸಕ್ಕೆ ಹೋಗಿದ್ದೆ. ಊರೇ ನೀರಿನಲ್ಲಿತ್ತು. ಸ್ಟೇಟ್ ಗಾರ್ಡ್‌ನವರು ಬಂದವರ ಹೆಸರು ಬರೆದುಕೊಂಡು ಕೈಗೆ ಪಟ್ಟಿ ಕಟ್ಟುತ್ತಿದ್ದರು. ಅದರಿಂದ ಯಾರು ಯಾವ ಬಸ್ಸಿನಲ್ಲಿ ಯಾವ ಊರಿಗೆ ಹೋದರು ಅಂತ ಗೊತ್ತಾಗುತ್ತಿತ್ತು. ಗಂಡ ಒಂದು ಕಡೆ, ಹೆಂಡತಿ ಮಕ್ಕಳು ಇನ್ನೊಂದು ಕಡೆ ಆಗಿದ್ದವರನ್ನು ಒಟ್ಟುಗೂಡಿಸಿದ್ದು ಆ ಪಟ್ಟಿ. ದೋಣಿಯಲ್ಲಿ ಜನರನ್ನು ತಂದವರಲ್ಲೂ ಇವರಿದ್ದರು. ಶಾಲಾ ಮೇಷ್ಟ್ರು, ಪ್ಲಂಬರ್, ನಿವೃತ್ತ ನೌಕರರು, ಹೀಗೆ ನಮ್ಮ ನಿಮ್ಮಂಥವರೇ.

ಆದರೆ ಅದೇ ಪಡೆಯ ಇನ್ನೊಂದು ಮುಖವೂ ಇದೆ. 2015ರಲ್ಲಿ ಜೇಡ್ ಹೆಲ್ಮ್ ಅನ್ನುವ ಸೇನಾ ಕಸರತ್ತು ಟೆಕ್ಸಾಸ್‌ನಲ್ಲಿ ನಡೆಯಬೇಕಿತ್ತು. ಒಬಾಮಾ ಟೆಕ್ಸಾಸನ್ನೇ ವಶ ಮಾಡಿಕೊಳ್ಳುತ್ತಾರೆ ಅಂತ ಗಾಳಿಸುದ್ದಿ ಎದ್ದಿತು. ಮುಚ್ಚಿದ ವಾಲ್‌ಮಾರ್ಟ್‌ಗಳು ಜೈಲಾಗುತ್ತವೆ ಅಂತಲೂ ಹರಡಿತು. ಗವರ್ನರ್ ಗ್ರೆಗ್ ಅಬಾಟ್ ಆ ಕಸರತ್ತಿನ ಮೇಲೆ ಕಣ್ಣಿಡಲು ಸ್ಟೇಟ್ ಗಾರ್ಡ್‌ಗೆ ಆದೇಶ ಕೊಟ್ಟರು. ದೇಶದ ಸೈನ್ಯದ ಮೇಲೆ ರಾಜ್ಯದ ಪಡೆಯ ಕಾವಲು! ಮೂರು ವರ್ಷದ ಮೇಲೆ, ಸಿಐಎ ಮಾಜಿ ಮುಖ್ಯಸ್ಥ ಮೈಕೆಲ್ ಹೇಡನ್ ಆ ಗಾಳಿಸುದ್ದಿಗೆ ರಷ್ಯಾದವರು ಗಾಳಿ ಹಾಕಿದ್ದರು ಅಂತ ಹೇಳಿದರು.

ಹಾಗಾಗಿ ನನ್ನ ನಿಲುವು ಇಷ್ಟು: ನೆರೆ, ಬೆಂಕಿ, ರೋಗ ಬಂದಾಗ ಕೆಲಸ ಮಾಡುವ ಪಡೆ ಬೇಕು. ಗವರ್ನರ್ ರಾಜಕೀಯಕ್ಕೆ ಬಂದೂಕು ಹಿಡಿದು ನಿಲ್ಲುವ ಪಡೆ ಬೇಡ. ನೀವೆಲ್ಲ ಏನಂತೀರಿ?

ತುಂಗಾ_ತೀರ

ನಾನು ಕ್ಯಾಲಿಫೋರ್ನಿಯಾದವಳು. ನಿಮ್ಮ ಕೊನೆಯ ಸಾಲು ನನಗೆ ಒಪ್ಪಿಗೆ ಇಲ್ಲ.

2025ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಏನಾಯಿತು ನೋಡಿದಿರಲ್ಲ. ವಲಸಿಗರನ್ನು ಹಿಡಿಯಲು ನಡೆದ ದಾಳಿಗಳ ವಿರುದ್ಧ ಜನ ಬೀದಿಗೆ ಬಂದರು. ಗವರ್ನರ್ ಗ್ಯಾವಿನ್ ನ್ಯೂಸಮ್ ಬೇಡ ಅಂದರೂ ಅಧ್ಯಕ್ಷ ಟ್ರಂಪ್ ಕ್ಯಾಲಿಫೋರ್ನಿಯಾದ ನ್ಯಾಷನಲ್ ಗಾರ್ಡನ್ನು ತಮ್ಮ ಕೈಗೆ ತೆಗೆದುಕೊಂಡರು. ಸುಮಾರು 4,000 ಗಾರ್ಡ್‌ಗಳು, ಜೊತೆಗೆ 700 ಮರೀನ್‌ಗಳು. ಗವರ್ನರ್ ಕೇಳದೆ ಒಬ್ಬ ಅಧ್ಯಕ್ಷರು ಹೀಗೆ ಮಾಡಿದ್ದು 1965ರ ನಂತರ ಇದೇ ಮೊದಲು. ಸೆಪ್ಟೆಂಬರ್‌ನಲ್ಲಿ ಫೆಡರಲ್ (ಅಂದರೆ ಕೇಂದ್ರದ) ನ್ಯಾಯಾಧೀಶ ಚಾರ್ಲ್ಸ್ ಬ್ರೆಯರ್ ಆ ಬಳಕೆ ಕಾನೂನುಬಾಹಿರ ಅಂದರು. ಆದರೆ ಅಷ್ಟು ಹೊತ್ತಿಗೆ ಬೇಸಿಗೆಯೇ ಮುಗಿದಿತ್ತು.

ಆ ಗಾರ್ಡ್‌ಗಳಲ್ಲಿ ಕೆಲವರು ನಮ್ಮ ರಾಜ್ಯದಲ್ಲಿ ಕಾಳ್ಗಿಚ್ಚಿನ ಕೆಲಸಕ್ಕೆ ಬೇಕಾಗಿದ್ದವರು. ಕ್ಯಾಲಿಫೋರ್ನಿಯಾ ಸ್ಟೇಟ್ ಗಾರ್ಡನ್ನು ಮಾತ್ರ ಹಾಗೆ ಎತ್ತಿಕೊಂಡು ಹೋಗಲು ಆಗಲಿಲ್ಲ. ಕಾನೂನೇ ಬಿಡೋದಿಲ್ಲ. ಹಾಗಿರುವಾಗ ಆ ಪಡೆಯನ್ನು ಸುಮ್ನೆ ಊಟ ಬಡಿಸುವುದಕ್ಕೆ ಸೀಮಿತ ಮಾಡಬೇಕು ಅನ್ನೋದು ಯಾವ ನ್ಯಾಯ? ರಾಜ್ಯದ ಜನರಿಗೆ ತಮ್ಮದು ಅಂತ ಒಂದು ಗಟ್ಟಿ ಪಡೆ ಇರಲಿ.

ಕಾನೂನು_ಓದುಗ

ಇಬ್ಬರೂ ಸರಿಯಾದ ಜಾಗಕ್ಕೇ ಬಂದಿದ್ದೀರಿ. ಕಾನೂನು ಏನು ಹೇಳುತ್ತದೆ ಅಂತ ಸ್ವಲ್ಪ ಬರೆಯುತ್ತೇನೆ, ಆಮೇಲೆ ಜಗಳ ಮುಂದುವರಿಸಿ.

ಅಮೆರಿಕದ ಸಂವಿಧಾನದ 1ನೇ ವಿಧಿಯ 10ನೇ ಸೆಕ್ಷನ್ ಪ್ರಕಾರ ಕಾಂಗ್ರೆಸ್ಸಿನ (ಇಲ್ಲಿನ ಸಂಸತ್ತಿನ) ಒಪ್ಪಿಗೆ ಇಲ್ಲದೆ ಯಾವ ರಾಜ್ಯವೂ ಶಾಂತಿಕಾಲದಲ್ಲಿ ಸೈನ್ಯ ಇಟ್ಟುಕೊಳ್ಳುವ ಹಾಗಿಲ್ಲ. ಆ ಒಪ್ಪಿಗೆಯನ್ನು ಕಾಂಗ್ರೆಸ್ ಕಾನೂನು ಮಾಡಿ ಕೊಟ್ಟಿದೆ. ಫೆಡರಲ್ ಸಂಹಿತೆಯ 32ನೇ ಭಾಗ, ಸೆಕ್ಷನ್ 109. ನ್ಯಾಷನಲ್ ಗಾರ್ಡ್ ಅಲ್ಲದೆ ರಾಜ್ಯಗಳು ಬೇರೆ ರಕ್ಷಣಾ ಪಡೆ ಇಟ್ಟುಕೊಳ್ಳಬಹುದು, ಅದನ್ನು ತಮ್ಮ ಗಡಿಯೊಳಗೆ ಬಳಸಬಹುದು, ಅದನ್ನು ದೇಶದ ಸೈನ್ಯಕ್ಕೆ ಕರೆಯುವ ಹಾಗಿಲ್ಲ ಅಂತ ಅದರಲ್ಲಿದೆ. ದೇಶದ ಸೈನ್ಯದ ರಿಸರ್ವ್‌ನಲ್ಲಿ (ಮೀಸಲು ಪಡೆಯಲ್ಲಿ) ಇರುವವರು, ನ್ಯಾಷನಲ್ ಗಾರ್ಡ್‌ನಲ್ಲಿರುವವರು ಇದಕ್ಕೆ ಸೇರುವಂತಿಲ್ಲ. ಈ ಪಡೆಯಲ್ಲಿದ್ದೇನೆ ಅಂದ ಮಾತ್ರಕ್ಕೆ ದೇಶದ ಕಡ್ಡಾಯ ಸೇನಾ ಭರ್ತಿಯಿಂದ ಯಾರಿಗೂ ವಿನಾಯಿತಿಯೂ ಇಲ್ಲ.

ತುಂಗಾ ಅವರೇ, ಇಲ್ಲೊಂದು ವಿಷಯ ಗಮನಿಸಿ. ಈ ಪಡೆಗಳು ನಿಂತಿರೋದು ಕಾಂಗ್ರೆಸ್ ಕೊಟ್ಟ ಅನುಮತಿಯ ಮೇಲೆ. ಕೊಟ್ಟವರು ನಾಳೆ ಕಾನೂನು ತಿದ್ದಿ ವಾಪಸ್ ತೆಗೆದುಕೊಳ್ಳಬಹುದು. ಇನ್ನೊಂದು, ದಂಗೆ ಕಾಯ್ದೆ ಅಂತ 1807ರದ್ದೊಂದಿದೆ. ಅದರ ಅಡಿಯಲ್ಲಿ ಅಧ್ಯಕ್ಷರು ನೇರವಾಗಿ ದೇಶದ ಸೈನ್ಯವನ್ನೇ ರಾಜ್ಯದೊಳಗೆ ಇಳಿಸಬಹುದು. ಅದನ್ನು ಸ್ಟೇಟ್ ಗಾರ್ಡ್ ತಡೆಯಲು ಆಗೋದಿಲ್ಲ, ತಡೆಯಲೂ ಬಾರದು.

ಮಿನೆಸೋಟದ ಗವರ್ನರ್ ರೂಡಿ ಪರ್ಪಿಚ್ ಕಥೆ ಇದಕ್ಕೆ ಚೆನ್ನಾಗಿ ಹೊಂದುತ್ತದೆ. 1980ರ ದಶಕದಲ್ಲಿ ಅವರ ನ್ಯಾಷನಲ್ ಗಾರ್ಡನ್ನು ತರಬೇತಿಗೆ ಅಂತ ಮಧ್ಯ ಅಮೆರಿಕಕ್ಕೆ ಕಳಿಸಿದರು. ರೇಗನ್ ಸರ್ಕಾರದ ಅಲ್ಲಿನ ನೀತಿ ಇವರಿಗೆ ಹಿಡಿಸಿರಲಿಲ್ಲ. ನನ್ನ ಒಪ್ಪಿಗೆ ಇಲ್ಲದೆ ಹೇಗೆ ಕಳಿಸುತ್ತೀರಿ ಅಂತ ಕೋರ್ಟಿಗೆ ಹೋದರು. 1990ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಅವರ ವಿರುದ್ಧ ತೀರ್ಪು ಕೊಟ್ಟಿತು. ತೀರ್ಪಿನಲ್ಲೇ ನ್ಯಾಯಾಲಯ ಒಂದು ಮಾತು ಸೇರಿಸಿತು: ರಾಜ್ಯಕ್ಕೆ ಬೇಕಿದ್ದರೆ ಫೆಡರಲ್ ಕಾನೂನಿನ ಪ್ರಕಾರ ಬೇರೆ ರಕ್ಷಣಾ ಪಡೆ ಇಟ್ಟುಕೊಳ್ಳಲು ಅವಕಾಶ ಇದೆಯಲ್ಲ ಅಂತ. ಅಂದರೆ ಗವರ್ನರ್‌ಗಳ ದೂರಿಗೆ ಕೋರ್ಟ್ ತೋರಿಸಿದ ದಾರಿ ಇದೇ.

ಮತ್ತೊಂದು ಗೊಂದಲ ಮೊದಲೇ ಬಿಡಿಸುತ್ತೇನೆ. ಕಾಡಿನಲ್ಲಿ ಸೇರಿ ಬಂದೂಕು ಹಿಡಿದು ಕವಾಯತು ಮಾಡುವ ಖಾಸಗಿ ಗುಂಪುಗಳು ತಮ್ಮನ್ನು ಮಿಲಿಶಿಯಾ ಅಂತ ಕರೆದುಕೊಳ್ಳುತ್ತವೆ. ಅವಕ್ಕೂ ಇದಕ್ಕೂ ಸಂಬಂಧ ಇಲ್ಲ. ಇವು ಸರ್ಕಾರದ ಅಂಗ.

ಬೀದರ್_ಕೋಟೆ

ನನ್ನ ಉತ್ತರ ಬೇಡ. ಬಂದೂಕು ಇರಲಿ, ಇಲ್ಲದಿರಲಿ, ಬೇಡ.

ನೋಡ್ರಿ, ಕೇಂದ್ರದ ಮಾತು ಕೇಳದ ಪಡೆಯೊಂದು ರಾಜ್ಯ ಆಳುವವರ ಕೈಗೆ ಸಿಕ್ಕರೆ ಏನಾಗುತ್ತದೆ ಅನ್ನೋದನ್ನು ನಮ್ಮ ಭಾಗದವರು ಪುಸ್ತಕದಿಂದ ಕಲಿಯಬೇಕಾಗಿಲ್ಲ. ನಿಜಾಮನ ಹೈದರಾಬಾದ್ ಸಂಸ್ಥಾನಕ್ಕೆ ಸ್ವಂತ ಸೈನ್ಯ ಇತ್ತು. ಅದರ ಪಕ್ಕದಲ್ಲಿ ಕಾಸಿಂ ರಜ್ವಿಯ ರಜಾಕಾರರು ಬೆಳೆದರು. ಸ್ವಯಂಸೇವಕರು ಅಂತಲೇ ಶುರುವಾದವರು. 1948ರಲ್ಲಿ ನಮ್ಮ ಜಿಲ್ಲೆಯ ಗೋರ್ಟಾದಲ್ಲಿ ಅವರು ನಡೆಸಿದ ಹತ್ಯಾಕಾಂಡದ ಮಾತು ಬಂದರೆ ನಮ್ಮ ಅಜ್ಜಿ ಎದ್ದು ಒಳಗೆ ಹೋಗುತ್ತಿದ್ದರು. ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಬಂತು, 17ಕ್ಕೆ ನಿಜಾಮ ಶರಣಾದ. ಅದರ ಬೆನ್ನಿಗೆ ಏನೂ ಮಾಡದ ಎಷ್ಟೋ ಮುಸ್ಲಿಂ ಕುಟುಂಬಗಳ ಮೇಲೆ ಸೇಡು ತೀರಿಸಿಕೊಂಡರು. ಪಂಡಿತ್ ಸುಂದರಲಾಲ್ ಸಮಿತಿ ಅದನ್ನೂ ಬರೆದಿಟ್ಟಿದೆ. ಎರಡೂ ಕಡೆಯ ಹೆಣಗಳನ್ನು ಹೊತ್ತವರು ಬಡವರೇ.

ಟೆಕ್ಸಾಸ್ ಗವರ್ನರ್ ನಿಜಾಮ ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಕೋರ್ಟ್ ಇದೆ, ಚುನಾವಣೆ ಇದೆ. ಆದರೆ ಪಡೆ ಕಟ್ಟುವಾಗ ಇರುವ ಒಳ್ಳೆ ಉದ್ದೇಶ ಹತ್ತು ವರ್ಷದ ನಂತರವೂ ಇರುತ್ತದೆ ಅಂತ ಯಾರು ಗ್ಯಾರಂಟಿ ಕೊಡುತ್ತಾರೆ? ನಮ್ಮ ಸಂವಿಧಾನ ಬರೆದವರು ಸೈನ್ಯವನ್ನು ಕೇಂದ್ರ ಪಟ್ಟಿಗೆ ಹಾಕಿದರು, ಪೊಲೀಸನ್ನು ರಾಜ್ಯ ಪಟ್ಟಿಗೆ ಹಾಕಿದರು. ಸಂಸ್ಥಾನಗಳ ಪಡೆಗಳನ್ನೆಲ್ಲ ಭಾರತದ ಸೈನ್ಯದಲ್ಲಿ ಕರಗಿಸಿದರು. ಅದು ತುಂಬ ವಿವೇಕದ ಕೆಲಸ.

ಬಯಲುಸೀಮೆ_ಹ್ಯೂಸ್ಟನ್

ಬೀದರ್ ಅವರೇ, ಮನಸ್ಸಿಗೆ ತಟ್ಟಿತು. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ನ್ಯಾಷನಲ್ ಗಾರ್ಡ್ ಊರಲ್ಲಿ ಇಲ್ಲದಾಗ ನೆರೆ ಬಂದರೆ? 2005ರ ಆಗಸ್ಟ್ 29ಕ್ಕೆ ಕತ್ರಿನಾ ಅಪ್ಪಳಿಸಿದಾಗ ಲೂಸಿಯಾನಾದ ನ್ಯಾಷನಲ್ ಗಾರ್ಡ್‌ನ 256ನೇ ಬ್ರಿಗೇಡ್ ಇರಾಕ್‌ನಲ್ಲಿತ್ತು. ಸಾವಿರಾರು ಜನ, ಅವರ ಸಾಮಾನಿನ ಜೊತೆ. 2007ರ ಮೇನಲ್ಲಿ ಸುಂಟರಗಾಳಿ ಕ್ಯಾನ್ಸಸ್‌ನ ಗ್ರೀನ್ಸ್‌ಬರ್ಗ್ ಊರನ್ನೇ ನೆಲಸಮ ಮಾಡಿತು. ಆಗ ಗವರ್ನರ್ ಕ್ಯಾಥ್ಲೀನ್ ಸೆಬೀಲಿಯಸ್ ನಮ್ಮ ಗಾರ್ಡ್‌ನ ಲಾರಿ, ಯಂತ್ರಗಳೆಲ್ಲ ಇರಾಕ್‌ನಲ್ಲಿವೆ ಅಂತ ಬಹಿರಂಗವಾಗಿ ಹೇಳಬೇಕಾಯಿತು. ಊರು ಬಿಟ್ಟು ಹೋಗದ ಒಂದು ಪಡೆ ಬೇಕು ಅನ್ನೋದು ಇಲ್ಲಿಂದ ಬಂದ ಮಾತು.

ಮ್ಯಾರಿಲ್ಯಾಂಡ್_ನರ್ಸ್

ಕತ್ರಿನಾ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ಆಗ ನಮ್ಮ ಮ್ಯಾರಿಲ್ಯಾಂಡ್ ಡಿಫೆನ್ಸ್ ಫೋರ್ಸ್‌ನ (ಸ್ಟೇಟ್ ಗಾರ್ಡ್‌ಗೆ ನಮ್ಮಲ್ಲಿ ಇದೇ ಹೆಸರು) ವೈದ್ಯಕೀಯ ತಂಡ ಲೂಸಿಯಾನಾದ ಜೆಫರ್ಸನ್ ಪ್ಯಾರಿಷ್ ಅನ್ನುವ ಜಿಲ್ಲೆಗೆ ಹೋಗಿತ್ತು. ಅಲ್ಲಿನ ಆಸ್ಪತ್ರೆ, ಕ್ಲಿನಿಕ್‌ಗಳು ಮುಚ್ಚಿದ್ದವು. ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಇಲ್ಲ, ಬಿಪಿ ಮಾತ್ರೆ ಇಲ್ಲ. ಇಂಥ ಕಡೆ ಬೇಕಾಗೋದು ಕಮಾಂಡೋ ಅಲ್ಲ. ಡಾಕ್ಟರ್, ನರ್ಸ್, ಔಷಧ ಕೊಡುವವರು, ಅವರನ್ನು ಒಂದು ಶಿಸ್ತಿನಲ್ಲಿ ಕರೆದುಕೊಂಡು ಹೋಗಿ ವಾಪಸ್ ಕರೆತರುವ ವ್ಯವಸ್ಥೆ.

ಆ ವ್ಯವಸ್ಥೆಯೇ ದೊಡ್ಡ ವಿಷಯ. ನನ್ನ ನರ್ಸಿಂಗ್ ಲೈಸೆನ್ಸ್ ಒಂದು ರಾಜ್ಯದ್ದು. ಇನ್ನೊಂದು ರಾಜ್ಯಕ್ಕೆ ಹೋಗಿ ಸೂಜಿ ಚುಚ್ಚಿದರೆ ಹೊಣೆ ಯಾರದು? ಒಳ್ಳೆ ಮನಸ್ಸಿನಿಂದ ಒಬ್ಬೊಬ್ಬರೇ ಹೊರಟವರನ್ನು ಇಂಥ ಪ್ರಶ್ನೆಗಳೇ ದಾರಿಯಲ್ಲಿ ನಿಲ್ಲಿಸುತ್ತವೆ. ತುರ್ತು ನೆರವಿಗೆ ರಾಜ್ಯ ರಾಜ್ಯಗಳ ನಡುವೆ ಒಂದು ಒಪ್ಪಂದ ಇದೆ. 1996ರಲ್ಲಿ ಕಾಂಗ್ರೆಸ್ ಅದಕ್ಕೆ ಒಪ್ಪಿಗೆ ಕೊಟ್ಟಿತು, ಈಗ 50 ರಾಜ್ಯಗಳೂ ಅದರಲ್ಲಿವೆ. ಒಂದು ರಾಜ್ಯ ಕೇಳಿ ಇನ್ನೊಂದು ರಾಜ್ಯ ಕಳಿಸಿದರೆ ಲೈಸೆನ್ಸ್, ಹೊಣೆ, ಖರ್ಚು ಎಲ್ಲದಕ್ಕೂ ಅದರಲ್ಲಿ ದಾರಿ ಇದೆ. ರಾಜ್ಯದ ಪಡೆಯಲ್ಲಿದ್ದರೆ ಹೆಸರು, ಅರ್ಹತೆ, ಲಸಿಕೆ ಎಲ್ಲ ಮೊದಲೇ ದಾಖಲಾಗಿರುತ್ತದೆ. ಫೋನ್ ಬಂದ ದಿನ ಹೊರಡಬಹುದು.

ಪಡೆ ಬೇಡ ಅನ್ನುವವರು ಈ ಕೆಲಸ ಯಾರು ಮಾಡಬೇಕು ಅಂತಲೂ ಹೇಳಬೇಕು.

ಬೀದರ್_ಕೋಟೆ

ಅಕ್ಕ, ನೀವು ಹೇಳಿದ ಕೆಲಸಕ್ಕೆ ನನ್ನ ತಕರಾರು ಇಲ್ಲ. ಅದಕ್ಕೆ ಸೈನ್ಯದ ಸಮವಸ್ತ್ರ, ಕ್ಯಾಪ್ಟನ್, ಕರ್ನಲ್ ಅಂತ ಪದವಿ ಯಾಕೆ? ಊರಲ್ಲಿ ಎಸ್‌ಡಿಆರ್‌ಎಫ್ (ರಾಜ್ಯದ ವಿಪತ್ತು ಪರಿಹಾರ ಪಡೆ) ಇದೆ, ಹೋಮ್ ಗಾರ್ಡ್ಸ್ ಇದ್ದಾರೆ. ನೆರೆ ಬಂದಾಗ ಬರುತ್ತಾರೆ, ಚುನಾವಣೆಗೂ ಬರುತ್ತಾರೆ. ಅವರನ್ನು ಯಾರೂ ರಾಜ್ಯದ ಸೈನ್ಯ ಅನ್ನೋದಿಲ್ಲ.

ಫ್ಲೋರಿಡಾ_ಮಾವಿನತೋಪು

ನಮ್ಮ ಫ್ಲೋರಿಡಾದಲ್ಲಿ ನಡೆದದ್ದನ್ನು ಕೇಳಿ. ಬೀದರ್ ಅವರ ಭಯ ಎಲ್ಲಿಂದ ಬರುತ್ತದೆ ಅಂತ ಗೊತ್ತಾಗುತ್ತದೆ.

ಫ್ಲೋರಿಡಾ ಸ್ಟೇಟ್ ಗಾರ್ಡ್ ಮೊದಲು ಹುಟ್ಟಿದ್ದು 1941ರಲ್ಲಿ. ನ್ಯಾಷನಲ್ ಗಾರ್ಡ್ ಎರಡನೇ ಮಹಾಯುದ್ಧಕ್ಕೆ ಹೋಗಿತ್ತು, ಊರು ಕಾಯುವವರು ಬೇಕಿತ್ತು. ಯುದ್ಧ ಮುಗಿಯಿತು, 1947ರಲ್ಲಿ ಅದನ್ನು ಮುಚ್ಚಿದರು. 2021ರ ಡಿಸೆಂಬರ್‌ನಲ್ಲಿ ಗವರ್ನರ್ ರಾನ್ ಡಿಸಾಂಟಿಸ್ ಮತ್ತೆ ಶುರು ಮಾಡುತ್ತೇವೆ ಅಂದರು. 2022ರಲ್ಲಿ 1 ಕೋಟಿ ಡಾಲರ್ ಕೊಟ್ಟರು, 400 ಜನರ ಮಿತಿ. ಚಂಡಮಾರುತದ ಕೆಲಸಕ್ಕೆ ಅಂತ ಹೇಳಿದಾಗ ನನಗೂ ಖುಷಿಯಾಗಿತ್ತು. ಇಲ್ಲಿ ಜೂನ್‌ನಿಂದ ನವೆಂಬರ್‌ವರೆಗೆ ನಾವು ಆಕಾಶ ನೋಡುತ್ತಲೇ ಬದುಕುತ್ತೇವೆ.

ಒಂದೇ ವರ್ಷ. 2023ರಲ್ಲಿ ಹೊಸ ಕಾನೂನು ಬಂತು. ಮಿತಿ 1,500ಕ್ಕೆ ಏರಿತು. ಬಜೆಟ್ 10 ಕೋಟಿ ಡಾಲರ್ ದಾಟಿತು. ಬಂಧಿಸುವ ಅಧಿಕಾರ ಇರುವ ವಿಶೇಷ ತುಕಡಿಗೂ ಅವಕಾಶ ಮಾಡಿದರು. ಅದೇ ಬೇಸಿಗೆಯಲ್ಲಿ ಪತ್ರಿಕೆಗಳಲ್ಲಿ ವರದಿ ಬಂತು. ಸಹಾಯ ಮಾಡೋಣ ಅಂತ ಸೇರಿದ ಕೆಲವು ಹಿರಿಯ ಮಾಜಿ ಸೈನಿಕರು ಬಿಟ್ಟುಹೋಗಿದ್ದರು. ನಾವು ಬಂದದ್ದು ನೆರೆ ಪರಿಹಾರಕ್ಕೆ, ಇಲ್ಲಿ ಯುದ್ಧದ ತರಬೇತಿ ಆಗುತ್ತಿದೆ ಅನ್ನೋದು ಅವರ ದೂರು. ಆಮೇಲೆ 2024ರ ಫೆಬ್ರವರಿಯಲ್ಲಿ ನ್ಯಾಷನಲ್ ಗಾರ್ಡ್ ಜೊತೆ ಸ್ಟೇಟ್ ಗಾರ್ಡ್‌ನವರನ್ನೂ ಟೆಕ್ಸಾಸ್ ಗಡಿಗೆ ಕಳಿಸುತ್ತೇವೆ ಅಂತ ಗವರ್ನರ್ ಘೋಷಿಸಿದರು. ಫ್ಲೋರಿಡಾದ ಪಡೆಗೆ ಮೆಕ್ಸಿಕೋ ಗಡಿಯಲ್ಲಿ ಏನು ಕೆಲಸ?

ಇಡಾಲಿಯಾ ಚಂಡಮಾರುತದಲ್ಲಿ ಇದೇ ಪಡೆಯವರು ಕೆಲಸ ಮಾಡಿದರು. ಅದನ್ನು ಅಲ್ಲಗಳೆಯೋದಿಲ್ಲ. ಆದರೆ ದಿಕ್ಕು ತಿರುಗಲು ಎಷ್ಟು ಕಡಿಮೆ ಸಮಯ ಸಾಕಾಯಿತು ನೋಡಿ.

ಬಯಲುಸೀಮೆ_ಹ್ಯೂಸ್ಟನ್

ಟೆಕ್ಸಾಸ್‌ನಲ್ಲೂ ಇದೇ. ಇಲ್ಲಿನ ಸ್ಟೇಟ್ ಗಾರ್ಡ್‌ನ ವೈದ್ಯಕೀಯ ವಿಭಾಗ ಆರೋಗ್ಯ ಇಲಾಖೆಯ ಜೊತೆ ಸೇರಿ ರಿಯೋ ಗ್ರಾಂಡೆ ಕಣಿವೆಯಲ್ಲಿ ವರ್ಷ ವರ್ಷ ಬೇಸಿಗೆಯಲ್ಲಿ ಉಚಿತ ಆರೋಗ್ಯ ಶಿಬಿರ ಮಾಡುತ್ತಿತ್ತು. ಗಡಿಯ ಪಕ್ಕದ ಬಡವರು ಹಲ್ಲು, ಕಣ್ಣು, ಲಸಿಕೆ ಅಂತ ಸಾಲು ಹಚ್ಚುತ್ತಿದ್ದರು. ಅದಕ್ಕೆ ಆಪರೇಷನ್ ಲೋನ್ ಸ್ಟಾರ್ ಅಂತ ಹೆಸರು. 2021ರ ಮಾರ್ಚ್‌ನಲ್ಲಿ ಅದೇ ಹೆಸರಿನಲ್ಲಿ ಗಡಿ ಕಾವಲು ಕಾರ್ಯಾಚರಣೆ ಶುರುವಾಯಿತು. ಮುಳ್ಳುತಂತಿ, ಬಂದೂಕು, ಬಂಧನ. ಅದೇ ಗಡಿ, ಅದೇ ರಾಜ್ಯದ ಸಮವಸ್ತ್ರ. ನನಗೆ ಇದು ಬಹಳ ನೋವಿನ ವಿಷಯ.

ನಿವೃತ್ತ_ಸುಬೇದಾರ್

ಮಡಿಕೇರಿಯಿಂದ ಬರೆಯುತ್ತಿದ್ದೇನೆ. ಮಗಳು ಸಿಯಾಟಲ್‌ನಲ್ಲಿದ್ದಾಳೆ, ಅವಳೇ ಇದನ್ನು ಕಳಿಸಿದಳು.

ಒಬ್ಬ ಸಿಪಾಯಿಯ ದೃಷ್ಟಿಯಿಂದ ಎರಡು ಮಾತು. ರಾಜ್ಯದ ಪಡೆ ಅಂದರೆ ಕೆಟ್ಟದ್ದೇ ಅಂತ ಹೇಳಬೇಡಿ. ನಮ್ಮ ಮೈಸೂರು ಸಂಸ್ಥಾನದ ಕುದುರೆ ಪಡೆ ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾದಲ್ಲಿ ಜೋಧಪುರದವರ ಜೊತೆ ಹೋರಾಡಿದವರು. ಕಾರ್ಮೆಲ್ ಬೆಟ್ಟ ಹತ್ತಿ ಶತ್ರುವಿನ ಫಿರಂಗಿ ಹಿಡಿದರು. ಸ್ವಾತಂತ್ರ್ಯ ಬಂದ ಮೇಲೆ ಸಂಸ್ಥಾನಗಳ ಕುದುರೆ ಪಡೆಗಳು ಸೇರಿ 1953ರಲ್ಲಿ 61ನೇ ಕ್ಯಾವಲ್ರಿ ಆಯಿತು. ಅದರಲ್ಲಿ ಮೈಸೂರಿನವರೂ ಇದ್ದರು. ಪಡೆ ಚೆನ್ನಾಗಿತ್ತು, ಸರಿಯಾದ ಜಾಗಕ್ಕೆ ಸೇರಿತು.

ನನ್ನ ಚಿಂತೆ ತರಬೇತಿಯದು. ತಿಂಗಳಿಗೊಮ್ಮೆ ವಾರಾಂತ್ಯದಲ್ಲಿ ಕವಾಯತು ಮಾಡಿದವನ ಕೈಗೆ ಗುಂಡು ತುಂಬಿದ ರೈಫಲ್ ಕೊಟ್ಟು ಜನರ ಮುಂದೆ ನಿಲ್ಲಿಸಬಾರದು. 1970ರ ಮೇ 4ರಂದು ಒಹಾಯೋದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನ್ಯಾಷನಲ್ ಗಾರ್ಡ್‌ನವರು ಗುಂಡು ಹಾರಿಸಿ 4 ವಿದ್ಯಾರ್ಥಿಗಳು ಸತ್ತರು, 9 ಮಂದಿಗೆ ಗಾಯ. ಅದು ಫೆಡರಲ್ ದುಡ್ಡು, ಫೆಡರಲ್ ತರಬೇತಿ ಇದ್ದ ಪಡೆ! ಸ್ಟೇಟ್ ಗಾರ್ಡ್‌ಗೆ ಅಷ್ಟೂ ಇಲ್ಲ. ಜನರ ಗುಂಪಿನ ಮುಂದೆ ನಿಲ್ಲುವುದು ಎಲ್ಲಕ್ಕಿಂತ ಕಷ್ಟದ ಡ್ಯೂಟಿ. ಕಲ್ಲು ಬೀಳುತ್ತದೆ, ಬೈಗುಳ ಬೀಳುತ್ತದೆ, ನೀವು ಅಲುಗಾಡಬಾರದು. ಅದನ್ನು ಕಲಿಯಲು ವರ್ಷಗಳು ಬೇಕು.

ಬೀದರ್ ಅವರು ಕೇಳಿದರು, ಸಮವಸ್ತ್ರ ಪದವಿ ಯಾಕೆ ಅಂತ. ರಾತ್ರಿ ಎರಡು ಗಂಟೆಗೆ ಮಳೆಯಲ್ಲಿ ಯಾರು ಯಾರ ಮಾತು ಕೇಳಬೇಕು ಅನ್ನೋದು ಮೊದಲೇ ತೀರ್ಮಾನ ಆಗಿರಬೇಕು, ಅದಕ್ಕೆ. 2018ರ ಆಗಸ್ಟ್‌ನಲ್ಲಿ ಇಲ್ಲಿ ಗುಡ್ಡ ಕುಸಿದಾಗ ಸೈನ್ಯ ಬಂತು, ಎನ್‌ಡಿಆರ್‌ಎಫ್ ಬಂತು. ಅವರು ಬರುವ ಮೊದಲು ಊರಿನ ಹುಡುಗರು ಪ್ರಾಣದ ಹಂಗು ಬಿಟ್ಟು ಕೆಲಸ ಮಾಡಿದರು. ಆದರೆ ಒಂದೇ ಮನೆ ಹತ್ತಿರ ಮೂರು ಗುಂಪು, ಇನ್ನೊಂದು ಕಡೆ ಯಾರೂ ಇಲ್ಲ. ಹೇಳುವವರು ಒಬ್ಬರಿದ್ದರೆ ಇನ್ನೂ ಚೆನ್ನಾಗಿ ಆಗುತ್ತಿತ್ತು. ಶಿಸ್ತು ಬೇಕು. ಬಂದೂಕು ಬೇರೆ ವಿಷಯ.

ತುಂಗಾ_ತೀರ

ಸುಬೇದಾರ್ ಸರ್, ನಿಮ್ಮ ಮಾತಿಗೆ ಗೌರವ ಇದೆ. ಆದರೆ ಎಲ್ಲರೂ ಗವರ್ನರ್ ಕೆಟ್ಟವರಾದರೆ ಅಂತ ಮಾತ್ರ ಯೋಚಿಸುತ್ತಿದ್ದೀರಿ. ಅಧ್ಯಕ್ಷರೇ ಮಿತಿ ಮೀರಿದರೆ? 2006ರಲ್ಲಿ ಕಾಂಗ್ರೆಸ್ ಒಂದು ಕಾನೂನು ಮಾಡಿತು. ವಿಕೋಪದ ಹೊತ್ತಿನಲ್ಲಿ ಗವರ್ನರ್ ಒಪ್ಪಿಗೆ ಇಲ್ಲದೆ ಅಧ್ಯಕ್ಷರು ಗಾರ್ಡನ್ನು ತೆಗೆದುಕೊಳ್ಳಲು ಅದು ಹೆಚ್ಚು ಅಧಿಕಾರ ಕೊಟ್ಟಿತು. ಎರಡೂ ಪಕ್ಷದ ಗವರ್ನರ್‌ಗಳು ಒಟ್ಟಾಗಿ ವಿರೋಧಿಸಿದ ಮೇಲೆ 2008ರಲ್ಲಿ ಅದನ್ನು ರದ್ದು ಮಾಡಬೇಕಾಯಿತು. ರಾಜ್ಯಗಳಿಗೆ ಈ ಭಯ ಹೊಸದಲ್ಲ, ಒಂದು ಪಕ್ಷದ್ದೂ ಅಲ್ಲ.

ಕಾನೂನು_ಓದುಗ

ತುಂಗಾ ಅವರೇ, ಆ ಭಯ ನಿಜ. ಆದರೆ ನೀವು 1965ರ ನಂತರ ಮೊದಲ ಸಲ ಅಂತ ಬರೆದಿದ್ದೀರಲ್ಲ, ಆ 1965ರ ಕಡೆಗೆ ಒಮ್ಮೆ ತಿರುಗಿ ನೋಡಿ.

1957ರ ಸೆಪ್ಟೆಂಬರ್. ಅರ್ಕನ್ಸಾದ ಲಿಟ್ಲ್ ರಾಕ್. ಸೆಂಟ್ರಲ್ ಹೈಸ್ಕೂಲಿಗೆ 9 ಕಪ್ಪು ಮಕ್ಕಳು ಸೇರಬೇಕಿತ್ತು. ಫೆಡರಲ್ ಕೋರ್ಟಿನ ಆದೇಶ ಇತ್ತು. ಗವರ್ನರ್ ಓರ್ವಲ್ ಫೋಬಸ್ ತಮ್ಮ ನ್ಯಾಷನಲ್ ಗಾರ್ಡನ್ನು ಶಾಲೆಯ ಸುತ್ತ ನಿಲ್ಲಿಸಿದರು, ಮಕ್ಕಳನ್ನು ಒಳಗೆ ಬಿಡದಿರಲು. 15 ವರ್ಷದ ಎಲಿಜಬೆತ್ ಎಕ್‌ಫರ್ಡ್ ಒಬ್ಬಳೇ ಬಂದಳು. ಒಂದು ಕಡೆ ಬಯ್ಯುವ ಗುಂಪು, ಇನ್ನೊಂದು ಕಡೆ ಬಂದೂಕು ಅಡ್ಡ ಹಿಡಿದ ರಾಜ್ಯದ ಸೈನಿಕರು. ಅಧ್ಯಕ್ಷ ಐಸೆನ್‌ಹೋವರ್ ಸೆಪ್ಟೆಂಬರ್ 24ಕ್ಕೆ ಆ ಇಡೀ ಗಾರ್ಡನ್ನು ಗವರ್ನರ್ ಕೈಯಿಂದ ಕಿತ್ತುಕೊಂಡರು. ದೇಶದ ಸೈನ್ಯದ 101ನೇ ಏರ್‌ಬೋರ್ನ್ ಸೈನಿಕರನ್ನು ಕಳಿಸಿದರು. ಮರುದಿನ ಮಕ್ಕಳು ಒಳಗೆ ಹೋದರು.

1963ರ ಜೂನ್ 11. ಅಲಬಾಮಾ ವಿಶ್ವವಿದ್ಯಾಲಯದ ಬಾಗಿಲಿಗೆ ಗವರ್ನರ್ ಜಾರ್ಜ್ ವ್ಯಾಲೇಸ್ ಅಡ್ಡ ನಿಂತರು. ಕೆನಡಿ ಗಾರ್ಡನ್ನು ತೆಗೆದುಕೊಂಡರು. ಬೆಳಿಗ್ಗೆವರೆಗೆ ವ್ಯಾಲೇಸ್ ಮಾತು ಕೇಳುತ್ತಿದ್ದ ಅದೇ ಅಲಬಾಮಾ ಗಾರ್ಡ್‌ನ ಜನರಲ್ ಹೆನ್ರಿ ಗ್ರಹಾಮ್ ಬಂದು, ಪಕ್ಕಕ್ಕೆ ಸರಿಯಿರಿ ಅಂತ ಗವರ್ನರ್‌ಗೆ ಹೇಳಬೇಕಾಯಿತು. ಗವರ್ನರ್ ಸರಿದರು. 1965ರಲ್ಲಿ ಸೆಲ್ಮಾದಿಂದ ಹೊರಟ ಮೆರವಣಿಗೆಗೆ ರಕ್ಷಣೆ ಕೊಟ್ಟದ್ದೂ ಹೀಗೆ ಜಾನ್ಸನ್ ತೆಗೆದುಕೊಂಡ ಗಾರ್ಡೇ. ಆಗಲೂ ಗವರ್ನರ್ ಕೇಳಿರಲಿಲ್ಲ.

ಈಗ ಹೇಳಿ. ಫೋಬಸ್ ಮತ್ತು ವ್ಯಾಲೇಸ್ ಕೈಯಲ್ಲಿ ಅಧ್ಯಕ್ಷರು ಮುಟ್ಟಲಾಗದ, ಚೆನ್ನಾಗಿ ಶಸ್ತ್ರ ಇರುವ ಇನ್ನೊಂದು ಪಡೆ ಇದ್ದಿದ್ದರೆ? ಶಾಲೆ ಬಾಗಿಲಲ್ಲಿ ಎರಡು ಸರ್ಕಾರಗಳ ಸೈನಿಕರು ಎದುರುಬದುರು ನಿಲ್ಲುತ್ತಿದ್ದರು. ನಾನು ಅಲಬಾಮಾದಲ್ಲಿ ಓದಿದವನು. ನಮ್ಮ ಬಣ್ಣದವರು ಈ ದೇಶದಲ್ಲಿ ಇಷ್ಟು ಆರಾಮಾಗಿ ಶಾಲೆ, ಕಾಲೇಜು, ಬಡಾವಣೆಗೆ ಸೇರುತ್ತಿದ್ದೇವೆ ಅಂದರೆ ಅದರ ಹಿಂದೆ ಆ ಮಕ್ಕಳ ಧೈರ್ಯ ಇದೆ, ಗವರ್ನರ್ ಮಾತು ಮೀರಿದ ಆ ಆದೇಶಗಳೂ ಇವೆ.

ತುಂಗಾ_ತೀರ

ಇದಕ್ಕೆ ನನ್ನ ಬಳಿ ಸುಲಭದ ಉತ್ತರ ಇಲ್ಲ. ಆದರೆ 1957ರಲ್ಲಿ ಅಧ್ಯಕ್ಷರ ಹಿಂದೆ ಕೋರ್ಟಿನ ಆದೇಶ ಇತ್ತು. 2025ರಲ್ಲಿ ಕೋರ್ಟ್ ಅಧ್ಯಕ್ಷರ ವಿರುದ್ಧ ಮಾತಾಡಿತು. ವ್ಯತ್ಯಾಸ ಅಲ್ಲಿದೆ ಅಲ್ವಾ?

ಕಾನೂನು_ಓದುಗ

ಹೌದು, ಪೂರ್ತಿ ಅಲ್ಲೇ ಇದೆ. ಅದಕ್ಕೇ ಅಧ್ಯಕ್ಷರು ಮಿತಿ ಮೀರಿದರೆ ಹೋಗಬೇಕಾದ ಜಾಗ ಕೋರ್ಟ್, ಕಾಂಗ್ರೆಸ್, ಮತಗಟ್ಟೆ. ಇನ್ನೊಂದು ರೈಫಲ್ ಸಾಲು ಅಲ್ಲ.

ಬಯಲುಸೀಮೆ_ಹ್ಯೂಸ್ಟನ್

ನಾನು ಕೇಳಿದ ಪ್ರಶ್ನೆಗೆ ನನ್ನದೇ ಉತ್ತರ ಈಗ ಇನ್ನೂ ಸ್ಪಷ್ಟವಾಗಿ ಹೇಳಬಲ್ಲೆ. ಪಡೆ ಇರಲಿ, ಶಿಸ್ತು ಇರಲಿ, ಸುಬೇದಾರ್ ಸರ್ ಹೇಳಿದ ಹಾಗೆ ಪದವಿಯೂ ಇರಲಿ. ಆದರೆ ಬಂದೂಕು ಇಲ್ಲ, ಬಂಧಿಸುವ ಅಧಿಕಾರ ಇಲ್ಲ ಅಂತ ರಾಜ್ಯದ ಕಾನೂನಿನಲ್ಲೇ ಬರೆಯಬೇಕು. ಗವರ್ನರ್ ಬಾಯಿಮಾತು ಸಾಲದು, ಫ್ಲೋರಿಡಾ ನೋಡಿದೆವಲ್ಲ. ಬೇರೆ ರಾಜ್ಯಕ್ಕೆ ಹೋಗುವುದಾದರೆ ನರ್ಸ್ ಅಕ್ಕ ಹೇಳಿದ ಒಪ್ಪಂದದ ಮೂಲಕ, ವಿಕೋಪದ ನೆರವಿಗೆ ಮಾತ್ರ. ಸೇರುವವರ ಹಿನ್ನೆಲೆ ಕಟ್ಟುನಿಟ್ಟಾಗಿ ನೋಡಬೇಕು. 1987ರಲ್ಲಿ ಯೂಟಾದ ಗವರ್ನರ್ ತಮ್ಮ ಸ್ಟೇಟ್ ಗಾರ್ಡ್‌ನಲ್ಲಿ ಉಗ್ರ ಜನಾಂಗದ್ವೇಷಿಗಳು ಸೇರಿಕೊಂಡಿದ್ದಾರೆ ಅಂತ ಗೊತ್ತಾಗಿ ಬಹುತೇಕ ಎಲ್ಲರನ್ನೂ ತೆಗೆದುಹಾಕಬೇಕಾಯಿತು. ಸಮವಸ್ತ್ರದ ಆಸೆಗೆ ಯಾರ್ಯಾರೋ ಬರುತ್ತಾರೆ.

ಟೆಕ್ಸಾಸ್ ವಿಧಾನಸಭೆಯಲ್ಲಿ ನಮ್ಮ ಕ್ಷೇತ್ರದ ಸದಸ್ಯರಿಗೆ ಇದನ್ನೇ ಬರೆಯುತ್ತಿದ್ದೇನೆ. ಕರಡು ಸಿದ್ಧವಾದರೆ ಇಲ್ಲಿ ಹಾಕುತ್ತೇನೆ, ಟೆಕ್ಸಾಸ್‌ನಲ್ಲಿರುವವರು ಸಹಿ ಹಾಕಬಹುದು.

ಬೀದರ್_ಕೋಟೆ

ಕಾನೂನಿನಲ್ಲಿ ಬರೆದರೆ ನನ್ನ ವಿರೋಧ ಅರ್ಧ ಕಡಿಮೆ ಆಗುತ್ತದೆ. ಪೂರ್ತಿ ಅಲ್ಲ. ಕರಡಿನಲ್ಲಿ ಇನ್ನೊಂದು ಸೇರಿಸ್ರಿ: ಪ್ರತಿ ವರ್ಷ ಎಲ್ಲಿ ಎಷ್ಟು ಜನರನ್ನು ಯಾವ ಕೆಲಸಕ್ಕೆ ಕಳಿಸಿದರು, ಎಷ್ಟು ಖರ್ಚಾಯಿತು ಅಂತ ವಿಧಾನಸಭೆ ಮುಂದೆ ಇಡಬೇಕು.

ಹೊಸ_ಸದಸ್ಯ_ಕೇಟಿ

ನಮಸ್ಕಾರ. ಯುಗಾದಿ ಊಟದಲ್ಲಿ ಮಾತಿಗೆ ಬಂದ ಹುಡುಗ ನಾನೇ. ಎಲ್ಲ ಓದಿದೆ. ಕನ್ನಡ ಬರೆಯೋದು ನಿಧಾನ, ಅಮ್ಮ ಸಹಾಯ ಮಾಡುತ್ತಿದ್ದಾರೆ. ಹಾರ್ವೆ ಬಂದಾಗ ನಾನು ಚಿಕ್ಕವನು, ನಮ್ಮನ್ನು ದೋಣಿಯಲ್ಲಿ ಕರೆದುಕೊಂಡು ಹೋಗಿದ್ದರು. ಅದಕ್ಕೇ ಸೇರಬೇಕು ಅನ್ನಿಸಿದ್ದು. ಗಡಿ ಡ್ಯೂಟಿ ಮಾಡಲು ನನಗೆ ಮನಸ್ಸಿಲ್ಲ. ಏನು ಮಾಡಲಿ? ಮತ್ತೆ, ಡ್ಯೂಟಿಗೆ ಹೋದರೆ ಆಫೀಸಿನಲ್ಲಿ ಕೆಲಸ ಹೋಗುತ್ತಾ?

ಮ್ಯಾರಿಲ್ಯಾಂಡ್_ನರ್ಸ್

ತಮ್ಮಾ, ವೈದ್ಯಕೀಯ ವಿಭಾಗವೋ ರೇಡಿಯೋ ಸಂಪರ್ಕ ವಿಭಾಗವೋ ಕೇಳು. ಮೊದಲು ಪ್ರಥಮ ಚಿಕಿತ್ಸೆಯ ಕೋರ್ಸ್ ಒಂದು ಮುಗಿಸು, ಹ್ಯಾಮ್ ರೇಡಿಯೋ (ಹವ್ಯಾಸಿಗಳು ನಡೆಸುವ ರೇಡಿಯೋ ಸಂಪರ್ಕ) ಲೈಸೆನ್ಸ್ ತೆಗೆದುಕೊ. ಚಂಡಮಾರುತದಲ್ಲಿ ಮೊಬೈಲ್ ಟವರ್ ಬಿದ್ದಾಗ ಆ ಲೈಸೆನ್ಸ್ ಇದ್ದವರನ್ನು ಹುಡುಕಿಕೊಂಡು ಬರುತ್ತಾರೆ. ಸಹಿ ಹಾಕುವ ಮೊದಲು ಭರ್ತಿ ಮಾಡುವವರನ್ನು ನೇರವಾಗಿ ಕೇಳು: ಗಡಿ ಕಾವಲಿಗೆ ಇಷ್ಟ ಇದ್ದವರು ಮಾತ್ರ ಹೋಗೋದಾ, ಆದೇಶ ಬಂದರೆ ಹೋಗಲೇಬೇಕಾ? ಉತ್ತರ ಬರಹದಲ್ಲಿ ತೆಗೆದುಕೊ. ಹಾರಿಕೆಯ ಉತ್ತರ ಬಂದರೆ ರೆಡ್ ಕ್ರಾಸ್ ಇದೆ, ನಿಮ್ಮ ಕೌಂಟಿಯ ತುರ್ತು ಸ್ವಯಂಸೇವಕರ ತಂಡ ಇದೆ.

ಕಾನೂನು_ಓದುಗ

ಕೆಲಸದ ವಿಷಯ: ಟೆಕ್ಸಾಸ್ ಸರ್ಕಾರಿ ಸಂಹಿತೆಯ 437ನೇ ಅಧ್ಯಾಯ ಓದಿ. ರಾಜ್ಯದ ಪಡೆಯವರು ಕರ್ತವ್ಯಕ್ಕೋ ತರಬೇತಿಗೋ ಹೋದ ಕಾರಣಕ್ಕೆ ಖಾಸಗಿ ಕಂಪನಿ ಅವರನ್ನು ಕೆಲಸದಿಂದ ತೆಗೆಯಬಾರದು ಅಂತ ಅದರಲ್ಲಿದೆ. ಆದರೆ ಹೊರಡುವ ಮೊದಲು ಮತ್ತು ವಾಪಸ್ ಬಂದ ಮೇಲೆ ಕಂಪನಿಗೆ ತಿಳಿಸುವುದು ನಿಮ್ಮ ಜವಾಬ್ದಾರಿ, ಅದನ್ನು ಇಮೇಲ್‌ನಲ್ಲೇ ಮಾಡಿ. ಆ ದಿನಗಳಿಗೆ ಕಂಪನಿ ಸಂಬಳ ಕೊಡುತ್ತದಾ ಅನ್ನೋದು ನಿಮ್ಮ ಆಫೀಸಿನ ನಿಯಮ. ಎಚ್‌ಆರ್ ಹತ್ತಿರ ಈಗಲೇ ಕೇಳಿಕೊಳ್ಳಿ.